ವಕ್ಕಲೇರಿಯ ತಾಮ್ರಪಟ, ರೂಪಾಯಿಗೆ ಆರು ಪೈಸೆ

ಕೋಲಾರ ಜಿಲ್ಲೆ ಟಿವಿ ಸುದ್ದಿಯಲ್ಲಿ ಯಾವಾಗ ಬರುತ್ತೆ ಹೇಳಿ? ಟೊಮೆಟೊ ರೇಟು ಬಿದ್ದಾಗ, ಕೆರೆ ಒಣಗಿದಾಗ, ಚುನಾವಣೆ ಬಂದಾಗ. ಆದ್ರೆ ದಕ್ಷಿಣ ಭಾರತದ ಇತಿಹಾಸ ಬರೆಯುವವರಿಗೆ ಆ ಜಿಲ್ಲೆಯ ಒಂದು ಹೋಬಳಿ ಊರಿನ ಹೆಸರು ನೂರು ವರ್ಷಕ್ಕಿಂತ ಹಿಂದಿನಿಂದಲೂ ಗೊತ್ತು. ಆ ಊರು ವಕ್ಕಲೇರಿ.

ಕಾರಣ, ಅಲ್ಲಿ ಸಿಕ್ಕಿದ ತಾಮ್ರಪಟ. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಎರಡನೇ ಕೀರ್ತಿವರ್ಮ ಕ್ರಿ.ಶ. 757ರಲ್ಲಿ, ಅಂದ್ರೆ ಶಕವರ್ಷ 679ರಲ್ಲಿ ಕೊಟ್ಟ ದಾನಶಾಸನ ಅದು. ಭಾಷೆ ಸಂಸ್ಕೃತ. ದಾನ ಕೊಟ್ಟ ಹಳ್ಳಿ ಇದ್ದದ್ದು ಹಾನಗಲ್ ಸೀಮೆಯಲ್ಲಿ, ಪಟ ಸಿಕ್ಕಿದ್ದು ಕೋಲಾರದಲ್ಲಿ! ಇದೇನು ವಿಚಿತ್ರ ಅನ್ನಬೇಡಿ. ತಾಮ್ರಪಟ ಅಂದ್ರೆ ಆಗಿನ ಕಾಲದ ಜಮೀನು ಪತ್ರ. ನಮ್ಮ ಮನೆಗಳಲ್ಲಿ ಕ್ರಯಪತ್ರವನ್ನ ಟ್ರಂಕಿನಲ್ಲಿ ಇಟ್ಟುಕೊಂಡು ಊರೂರು ಹೋಗ್ತೀವಲ್ಲ, ಹಾಗೆ ತಾಮ್ರಪಟಗಳೂ ಮನೆತನದ ಜೊತೆ ಪ್ರಯಾಣ ಮಾಡ್ತಿದ್ದವು.

ಅದರಲ್ಲಿರೋದು ಬರೀ ಜಮೀನಿನ ಲೆಕ್ಕ ಅಲ್ಲ. ಕೀರ್ತಿವರ್ಮನ ತಂದೆ ಎರಡನೇ ವಿಕ್ರಮಾದಿತ್ಯ ಪಲ್ಲವರನ್ನ ಸೋಲಿಸಿ ಕಂಚಿಗೆ ನುಗ್ಗಿದ ಕಥೆ ಇದೆ. ಗೆದ್ದವನು ಊರನ್ನ ಹಾಳು ಮಾಡಲಿಲ್ಲ. ದೀನರಿಗೆ ದಾನ ಕೊಟ್ಟ. ರಾಜಸಿಂಹೇಶ್ವರ, ಅಂದ್ರೆ ಇವತ್ತಿನ ಕೈಲಾಸನಾಥ ದೇವಾಲಯದ ಚಿನ್ನವನ್ನ ದೇವಾಲಯಕ್ಕೇ ಮರಳಿಸಿದ. ಇದು ಬರೀ ಹೊಗಳಿಕೆ ಇರಬಹುದಾ? ಇಲ್ಲ. ಕಂಚಿಯ ಅದೇ ದೇವಾಲಯದಲ್ಲಿ ವಿಕ್ರಮಾದಿತ್ಯನ ಕನ್ನಡ ಶಾಸನ ಇವತ್ತಿಗೂ ಇದೆ. ತಮಿಳುನಾಡಿನ ಕಲ್ಲು ಹೇಳುವ ಮಾತಿಗೆ ಕೋಲಾರದ ತಾಮ್ರ ಸಾಕ್ಷಿ. ಇಂಥ ಸಾಕ್ಷಿ ಇತಿಹಾಸದಲ್ಲಿ ಸುಲಭಕ್ಕೆ ಸಿಗಲ್ಲ.

ಹಾಗಾದ್ರೆ ಇದನ್ನ ಓದಿದವರು ಯಾರು? ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನ ಪ್ರಕಟಿಸಿದರು. ಆಮೇಲೆ ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಕೀಲ್‌ಹಾರ್ನ್ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪಾಠ ತಿದ್ದಿ ಮತ್ತೆ ಪ್ರಕಟಿಸಿದರು. ಕೋಲಾರ ಜಿಲ್ಲೆಯ ಶಾಸನಗಳಿಗಾಗಿಯೇ ರೈಸ್ 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ ಹೊರತಂದರು. ಎಲ್ಲಿಯ ವಕ್ಕಲೇರಿ, ಎಲ್ಲಿಯ ಗಟಿಂಗನ್!

ಈಗ ನನ್ನ ಪ್ರಶ್ನೆ. ವಕ್ಕಲೇರಿಯಲ್ಲಿ ಎಂಟನೇ ಕ್ಲಾಸ್ ಓದುವ ಹುಡುಗಿಯೊಬ್ಬಳು, “ನಮ್ಮೂರಿನ ತಾಮ್ರಪಟದಲ್ಲಿ ಏನಿದೆ?” ಅಂತ ಕೇಳಿದ್ರೆ, ಅದನ್ನ ಓದೋಕೆ ಅವಳು ಎಲ್ಲಿಗೆ ಹೋಗಬೇಕು? ಉತ್ತರ ಒಂದೇ ಇರಬೇಕು: ಊರಿನ ಗ್ರಂಥಾಲಯಕ್ಕೆ. ಅದು ಸರ್ಕಾರದ ಕರುಣೆಯಲ್ಲ, ಅವಳ ಹಕ್ಕು. ಯಾಕಂದ್ರೆ ಅವಳ ಅಪ್ಪ ಅದಕ್ಕೆ ಆಗಲೇ ದುಡ್ಡು ಕಟ್ಟಿದ್ದಾರೆ.

ಹೇಗೆ ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗೋಣ.

ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನ ಕರೆಸಿ, ಹಳ್ಳಿ ಹಳ್ಳಿಗೂ ಪುಸ್ತಕ ಮುಟ್ಟಿಸುವ ವ್ಯವಸ್ಥೆ ಕಟ್ಟಿದರು. ನಮ್ಮಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾದವು. ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಇವತ್ತಿಗೂ ಗ್ರಂಥಾಲಯವೇ. ಆದ್ರೆ ಎರಡು ನಗರದಲ್ಲಿ ಗ್ರಂಥಾಲಯ ಇದ್ರೆ ರಾಜ್ಯಕ್ಕೆಲ್ಲ ಇದ್ದ ಹಾಗಾಗುತ್ತಾ?

ಅದಕ್ಕೊಂದು ಕಾನೂನು ಬೇಕಿತ್ತು. ಗ್ರಂಥಾಲಯ ದಾನಿಗಳ ಮರ್ಜಿಯಲ್ಲಿ ನಡೀಬಾರದು, ಶಾಸನಬದ್ಧವಾಗಿ ನಡೀಬೇಕು ಅಂತ ದೇಶಾದ್ಯಂತ ದುಡಿದವರು ಎಸ್.ಆರ್. ರಂಗನಾಥನ್. ಕೊನೆಯ ವರ್ಷಗಳನ್ನ ಅವರು ಕಳೆದದ್ದು ಬೆಂಗಳೂರಿನಲ್ಲೇ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಮರುವರ್ಷ ಇಲಾಖೆಯೂ ಬಂತು.

ಆ ಕಾಯ್ದೆಯ ಜೀವ ಇರೋದು ಗ್ರಂಥಾಲಯ ಕರದಲ್ಲಿ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರಗಳ ಮಧ್ಯೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ನೂರಕ್ಕೆ 6, ಅಂದ್ರೆ ರೂಪಾಯಿಗೆ ಆರು ಪೈಸೆ. ಸಾವಿರ ರೂಪಾಯಿ ತೆರಿಗೆಗೆ 60 ರೂಪಾಯಿ. ಪುಸ್ತಕ ಮುಟ್ಟದವರೂ ಕಟ್ಟಲೇಬೇಕು, ಎಲ್ಲರೂ ಕಟ್ತಿದ್ದಾರೆ.

ಕಟ್ಟಿದ್ದು ಪೂರ್ತಿ ತಲುಪ್ತಾ ಇದೆಯಾ? ಬೆಂಗಳೂರಿನಂಥ ನಗರದಲ್ಲೇ ಪಾಲಿಕೆ ವಸೂಲಿ ಮಾಡಿದ ಗ್ರಂಥಾಲಯ ಕರ ನೂರಾರು ಕೋಟಿ ಬಾಕಿ ಅಂತ ಮತ್ತೆ ಮತ್ತೆ ಸುದ್ದಿಯಾಗಿದೆ. ಹಳ್ಳಿಯ ಕಷ್ಟ ಬೇರೆ ಥರದ್ದು. ಅಲ್ಲಿ ಮನೆ ಕಂದಾಯವೇ ಕಡಿಮೆ, ಅದರ ನೂರಕ್ಕೆ ಆರು ಎಷ್ಟಾದೀತು?

ಹಾಗಂತ ಕೆಲಸವೇ ಆಗಿಲ್ಲ ಅಂತ ನಾನು ಹೇಳಲ್ಲ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯ್ತು, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ‘ಪುಸ್ತಕ ಜೋಳಿಗೆ’ ಹಿಡಿದು ಜನರಿಂದಲೇ ಪುಸ್ತಕ ಸಂಗ್ರಹಿಸಿದರು. ಗೋಡೆಗೆ ಬಣ್ಣ ಬಂತು, ಎಷ್ಟೋ ಕಡೆ ಕಂಪ್ಯೂಟರ್ ಬಂತು, ಹೆಸರು ‘ಅರಿವು ಕೇಂದ್ರ’ ಆಯ್ತು. ಪೇಪರ್ ಓದೋಕೆ ಬರೋ ಅಜ್ಜಂದಿರ ಪಕ್ಕ ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗರು ಕೂತರು. ಇದು ಸಣ್ಣ ಬದಲಾವಣೆ ಅಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ನೀರಿನ ಯೋಜನೆ ಗೆದ್ದಿದೆಯಾ ಅಂತ ನೋಡೋದು ಟ್ಯಾಂಕ್ ಹತ್ತಿರ ನಿಂತು ಅಲ್ಲ, ಲೈನಿನ ಕೊನೇ ಮನೆಯ ನಲ್ಲಿ ತಿರುಗಿಸಿ. ಕೋಲಾರದ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಜ್ಞಾನಕ್ಕೂ ಅದೇ ಲೆಕ್ಕ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನೋದು ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಒಂದು. ವಕ್ಕಲೇರಿಯ ತಾಮ್ರಪಟಕ್ಕೆ ಜರ್ಮನಿಯಲ್ಲಿ ಓದುಗ ಸಿಕ್ಕಿದ. ವಕ್ಕಲೇರಿಯಲ್ಲೂ ಸಿಗಬೇಕಲ್ಲವಾ?

ಇದಕ್ಕೆ ಕೋಟಿಗಟ್ಟಲೆ ಬೇಡ. ರೈಸ್ ಸಂಪುಟಗಳು ಇವತ್ತು ಇಂಟರ್ನೆಟ್‌ನಲ್ಲಿ ಪುಕ್ಕಟೆ ಇವೆ. ಪ್ರತಿ ಪಂಚಾಯಿತಿ ಗ್ರಂಥಾಲಯದಲ್ಲಿ ‘ನಮ್ಮೂರು’ ಅಂತ ಒಂದು ಕಪಾಟು ಇಡಿ. ಊರಿನ ಶಾಸನಗಳ ಪ್ರತಿ, ಅದರ ಸರಳ ಕನ್ನಡ ಅರ್ಥ, ಹಳೇ ಫೋಟೋ, ಕೆರೆಯ ನಕ್ಷೆ ಅಲ್ಲಿರಲಿ. ಮುಳಬಾಗಿಲಿನಲ್ಲಿ ಡಿ.ವಿ.ಜಿ., ಮಾಲೂರಿನಲ್ಲಿ ಮಾಸ್ತಿ, ವಕ್ಕಲೇರಿಯಲ್ಲಿ ಚಾಲುಕ್ಯರ ತಾಮ್ರಪಟ. ಯಾವ ಊರಿನ ಕಪಾಟೂ ಖಾಲಿ ಉಳಿಯಲ್ಲ.

ಮುಂದಿನ ಗ್ರಾಮಸಭೆಗೆ ಹೋಗುವಾಗ ತೆರಿಗೆ ರಸೀದಿ ಜೇಬಿನಲ್ಲಿ ಇಟ್ಟುಕೊಳ್ಳಿ. ರಸ್ತೆ ಕೇಳಿ, ಚರಂಡಿ ಕೇಳಿ, ಆಮೇಲೆ ಇದನ್ನೂ ಕೇಳಿ: ನಮ್ಮ ಆರು ಪೈಸೆಗೆ ಈ ವರ್ಷ ಯಾವ ಪುಸ್ತಕ ಬಂತು?