ಮೊಗ್ಗಿನ ಜಡಿ, ಹಿಂದೊಂದು ಕನ್ನಡಿ

ನಮ್ಮ ಬಾದನಹಟ್ಟಿ ಕಡೆ ಹಳೇ ಮನಿಗಳ ಪಡಸಾಲ್ಯಾಗ ಇಂಥಾದ್ದೊಂದು ಫೋಟೊ ನೀವೂ ನೋಡಿರ್ತೀರಿ. ಎರಡ್ಮೂರು ವರ್ಷದ ಕೂಸು, ಲಂಗ-ಕುಪ್ಪಸ, ಬೈತಲೆ ಬೊಟ್ಟು, ತಲಿ ತುಂಬಾ ಮೊಗ್ಗಿನ ಜಡಿ. ಆ ಜಡಿ ಕಾಣಲಿ ಅಂತ ಹಿಂದೊಂದು ಕನ್ನಡಿ. "ಯಾರ ಮನಿ ಹೆಣ್ಣುಮಗಳಿದು?" ಅಂತ ಕೇಳಿದ್ರ ಮನಿಯವರು ನಗತಾರ: "ಏ, ಅದು ನಮ್ಮ ಮಾವ!" ಜವಳ ತೆಗಿಸೋಕ್ಕಿಂತ ಮುಂಚೆ ಗಂಡುಮಕ್ಕಳ ಬೆಳದ ಕೂದಲಕ್ಕ ಹೂವು ಮುಡಿಸಿ, ಹೆಣ್ಣಿನ ವೇಷ ಹಾಕಿ, ಒಂದು ಫೋಟೊ ತೆಗಿಸೋದು ನಮ್ಮವರ ರೂಢಿ.

ಮಕ್ಕಳ ವೇಷದ ಫೋಟೊ ಎಲ್ಲಾ ಕಡೆ ಐತಿ. ಅಮೆರಿಕಾಕ್ಕ ಹೋದ ನಮ್ಮವರ ಮಕ್ಕಳು ಅಕ್ಟೋಬರ್ 31ಕ್ಕ ಹ್ಯಾಲೊವೀನ್ ಅಂತ ದೆವ್ವ, ಮಾಟಗಾತಿ ಆಗಿ ನಿಂತ ಫೋಟೊ ಕಳಿಸ್ತಾರ. ಇಲ್ಲಿ ಗೋಕುಲಾಷ್ಟಮಿಗೆ ಕೃಷ್ಣ-ರಾಧೆ, ಮೊಹರಂದಾಗ ಹುಲಿ ವೇಷ, ಸಾಲಿ ಸ್ಪರ್ಧೆಗೆ ಕಿತ್ತೂರು ಚೆನ್ನಮ್ಮ. ವೇಷ ಯಾವುದರ ಇರಲಿ, ತಾಯಂದಿರ ಗೋಳು ಒಂದೇ: ಎರಡು ತಾಸು ಶೃಂಗಾರ ಮಾಡಬೇಕು, ಫೋಟೊದಾಗ ಬರೋದು ಅಳುಮಾರಿ. ಮೊಬೈಲ್‌ನಾಗ ಇನ್ನೂರು ಫೋಟೊ ಹೊಡದ್ರೂ ಗೋಡೆಗೆ ಹಾಕೋ ಹಂಗ ಒಂದೂ ಇರಂಗಿಲ್ಲ. ಒಂದೇ ಫೋಟೊ ತೆಗಿಸಿದ ಹಳಬರು ಅದ್ಹೆಂಗ ಸಾಧಿಸಿದ್ರು ಅನ್ನೋದು ತಿಳಕೊಳ್ಳೋ ಮಾತು.

ಫೋಟೊ ವಿದ್ಯೆ ಜಗತ್ತಿಗೆ ಗೊತ್ತಾಗಿದ್ದು 1839ರಾಗ, ಫ್ರಾನ್ಸ್ ದೇಶದ ಡಾಗೇರ್ ಅನ್ನೋರಿಂದ. ಆಗ ಒಂದು ಚಿತ್ರ ಮೂಡಾಕ ನಿಮಿಷಗಟ್ಟಲೆ ಅಲ್ಲಾಡದಂಗ ಕೂಡಬೇಕಿತ್ತು. ದೊಡ್ಡವರಿಗೇ ಕಷ್ಟ, ಕೂಸು ಕೂಡ್ತಾವೇನು? ಅದಕ್ಕ ವಿಲಾಯತಿಯಾಗ ತಾಯಂದಿರು ಮೈಮ್ಯಾಲೆ ಬಟ್ಟೆ ಮುಸುಕು ಹಾಕ್ಕೊಂಡು, ಕುರ್ಚಿ ಆಗಿ ಕುಂತು, ಕೂಸನ್ನ ತೊಡಿ ಮ್ಯಾಲೆ ಗಟ್ಟಿಯಾಗಿ ಹಿಡಕೊಳ್ತಿದ್ರು. ಅಂಥ ಫೋಟೊ ಈಗಲೂ ಉಳಿದಾವು. ಕೂಸು ಕಾಣಿಸ್ತೈತಿ, ತಾಯಿ ಕಾಣಂಗಿಲ್ಲ. 1880ರ ಸುಮಾರಿಗೆ ಒಣ ಗಾಜಿನ ಪ್ಲೇಟು ಬಳಕೆಗೆ ಬಂದ ಮ್ಯಾಲೆ ಚಿತ್ರ ಬೇಗ ಮೂಡಾಕ ಹತ್ತಿತು, ಮಕ್ಕಳ ಫೋಟೊ ಹೆಚ್ಚಾದವು.

ನಮ್ಮ ಕಡೆ ಹೆಂಗಸರು ಪರಗಂಡಸಿನ ಮುಂದ ಕುಂತು ಫೋಟೊ ತೆಗಿಸೋದು ಸುಲಭ ಇರಲಿಲ್ಲ. 1892ರಾಗ ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ ಅನ್ನೋ ಹೆಸರಾಂತ ಫೋಟೊಗ್ರಾಫರ್ ಹೆಂಗಸರಿಗಂತನೇ ಬೇರೆ ಸ್ಟುಡಿಯೊ ತೆಗೆದ್ರು. ಅಲ್ಲಿ ಫೋಟೊ ಹಿಡಿಯಾಕಿನೂ ಹೆಣ್ಣುಮಗಳೇ.

ಇನ್ನೊಂದು ಮಜಾ ಕೇಳ್ರಿ. ಮೊದಲಿನ ಪ್ಲೇಟುಗಳಿಗೆ ಬಣ್ಣ ಸರಿಯಾಗಿ ತಿಳೀತಿರಲಿಲ್ಲ. ನೀಲಿ ಬೆಳ್ಳಗ ಬರ್ತಿತ್ತು, ಕೆಂಪು ಕಪ್ಪಗ ಬರ್ತಿತ್ತು. ಕೃಷ್ಣನ ವೇಷಕ್ಕ ಮೈಗೆ ನೀಲಿ ಬಳದ್ರ ಫೋಟೊದಾಗ ಸುಣ್ಣ ಬಳದಂಗ, ಹಣಿ ಮ್ಯಾಲಿನ ಕುಂಕುಮ ಕಾಡಿಗಿ ಬೊಟ್ಟಿನಂಗ! ಎಲ್ಲಾ ಬಣ್ಣಕ್ಕೂ ಸ್ಪಂದಿಸೋ ಪ್ಲೇಟು ಮಾರಾಟಕ್ಕ ಬಂದದ್ದು 1906ರಾಗ. ಅದರಾಗೂ ಚಿತ್ರ ಕಪ್ಪು-ಬಿಳುಪೇ.

ಮೊಗ್ಗಿನ ಜಡಿ ಫೋಟೊಕ್ಕ ಹೂವೇ ಗಡಿಯಾರ. ಜಡಿ ಹೆಣಿಯೋದು ಮಲ್ಲಿಗಿ ಕಾಲದಾಗ, ಅಂದ್ರ ಬ್ಯಾಸಗಿಯಾಗ. ನಮ್ಮ ಹಡಗಲಿ ಮಲ್ಲಿಗಿ ಹೆಸರು ನಿಮಗೆಲ್ಲಾ ಗೊತ್ತು. ಮೊಗ್ಗು ಸಂಜಿಗೆ ಅರಳತಾವು, ಅರಳಿದ್ರ ಜಡಿ ಅಂದ ಹೋತು. ಹಂಗಾಗಿ ಮಧ್ಯಾಹ್ನ ಹೆಣದು, ಅರಳೋದ್ರಾಗ ಸ್ಟುಡಿಯೊ ಮುಟ್ಟಬೇಕು. ಕನ್ನಡಿ ಮುಂದ ಕೂಸನ್ನ ಓರೆಯಾಗಿ ನಿಲ್ಲಿಸಿ, ತನ್ನ ಕ್ಯಾಮೆರಾ ಕನ್ನಡಿಯೊಳಗ ಬೀಳದಂಗ ಫೋಟೊಗ್ರಾಫರ್ ಬಾಜೂಕ ನಿಲ್ತಿದ್ದ. ಮುಖ ಒಂದು, ಬೆನ್ನಿನ ಜಡಿ ಒಂದು, ಎರಡೂ ಒಂದೇ ಕಾಗದದ ಮ್ಯಾಲೆ.

ನಮ್ಮವ್ವನ ತಮ್ಮಂದು ಹಿಂಗೇ ಒಂದು ಫೋಟೊ ಐತಿ. ಬಳ್ಳಾರಿ ಜಿಲ್ಲೆ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿದ್ದು 1953ರ ಅಕ್ಟೋಬರ್ 1ಕ್ಕ. ಅದಾಗಿ ಎರಡು ವರ್ಷಕ್ಕ ಅಜ್ಜಿ ಅವನನ್ನ ಕಟ್ಟಿಕೊಂಡು ಬಳ್ಳಾರಿಗೆ ಹೋಗಿ ತೆಗಿಸಿದ್ದು. ಆರನೇ ವರ್ಷಕ್ಕ ಜ್ವರ ಬಂದು ಹುಡುಗ ತೀರಿಕೊಂಡ. ಅವನದು ಮತ್ತೊಂದು ಫೋಟೊ ಇಲ್ಲ. ಗಂಡುಹುಡುಗನಾಗಿ, ಚಡ್ಡಿ ಹಾಕ್ಕೊಂಡು ಓಡಾಡಿದ ಮುಖ ಹೆಂಗಿತ್ತೋ ನಮಗ ಯಾರಿಗೂ ಗೊತ್ತಿಲ್ಲ. ಅಜ್ಜಿ ಇರೋತನಕ ಆ ಜಡಿ ಹಾಕಿದ ಫೋಟೊಕ್ಕೇ ಹೂವು ಇಡ್ತಿದ್ಲು. ನಾವು ಆಟಕ್ಕ ಅಂತ ತೆಗಿಯೋ ವೇಷದ ಫೋಟೊ ಒಂದು ಮನಿಗೆ ಎಷ್ಟು ದೊಡ್ಡದಾಗಬಹುದು ಅಂತ ಅದನ್ನ ನೋಡಿದಾಗೆಲ್ಲಾ ನನಗ ಅನಿಸ್ತೈತಿ.

ಆ ಕಾಲದ ಮಂದಿ ಮೊದಲು ಬೆಳಕು ನೋಡ್ತಿದ್ರು, ಆಮೇಲೆ ಹಿನ್ನೆಲೆ, ಆಮೇಲೆ ಕೂಸಿನ ಮುಖ. ನಮಗೂ ಅದೇ ಕ್ರಮ ಸಾಕು. ಹಳೇ ಸ್ಟುಡಿಯೊಗಳು ಬಿಸಿಲು ನೇರ ಬೀಳದಂಗ ಕಿಟಕಿ, ಗಾಜಿನ ಮಾಡು ಇಟ್ಟು ಮೆತ್ತನೆ ಬೆಳಕು ತಗೋತಿದ್ರು. ನಮ್ಮ ಮನಿ ತಲಬಾಗಲ ನೆರಳೇ ಅಂಥ ಸ್ಟುಡಿಯೊ. ಕೂಸಿನ ಮುಖ ಹೊರಗಿನ ಬೆಳಕಿನ ಕಡೆ ಇರಲಿ. ನಮ್ಮೂರ ಮಟಮಟ ಮಧ್ಯಾಹ್ನದ ಬಿಸಿಲಾಗ ನಿಲ್ಲಿಸಿದ್ರ ಕಣ್ಣು ಕಿರಿದಾಗಿ, ಕಿರೀಟದ ನೆರಳು ಮುಖದ ಮ್ಯಾಲೆ ಬೀಳತೈತಿ. ಫ್ಲ್ಯಾಶ್ ಆರಿಸ್ರಿ. ಕನ್ನಡಿ ಇದ್ರಂತೂ ಆ ಬೆಳಕು ಅದರಾಗ ಹೊಡದು ಎಲ್ಲಾ ಕೆಡತೈತಿ.

ಅವರು ಬಣ್ಣದ ಪರದೆ ಕಟ್ತಿದ್ರು, ನಾವು ಒಂದೇ ಬಣ್ಣದ ಸೀರೆ ಹಗ್ಗಕ್ಕ ಹಾಕಿದ್ರ ಆತು. ಸಿಲಿಂಡರು, ಚಪ್ಪಲಿ ಸ್ಟ್ಯಾಂಡು ಫೋಟೊದಾಗ ಬರಂಗಿಲ್ಲ. ನೀಲಿ ಬಳದ ಮುಖ ಕಪ್ಪಗಾದ್ರ ಮೊಬೈಲ್ ಪರದೆ ಮ್ಯಾಲೆ ಮುಖದ ಮ್ಯಾಲೇ ಒಂದು ಸಲ ಬೆರಳು ಒತ್ತರಿ, ಬೆಳಕು ಅದಕ್ಕ ಹೊಂದತೈತಿ. ನಿಂತು ಮ್ಯಾಲಿಂದ ತೆಗಿಬ್ಯಾಡ್ರಿ, ಕೂಸಿನ ಕಣ್ಣಿನ ಮಟ್ಟಕ್ಕ ಕುಂದರ್ರಿ. ಕಿರೀಟ ಕಡೀಕ ಇಡ್ರಿ, ಅದು ಚುಚ್ಚಿದ್ರ ಅಳು ಶುರುವಾದಂಗೇ. ಹೊಟ್ಟಿ ತುಂಬಿಸಿ, ನಿದ್ದಿ ಆದಮ್ಯಾಲೆ ವೇಷ ಹಾಕ್ರಿ.

ಹಳಬರಿಗೆ ಇಲ್ಲದ್ದು ನಮಗೊಂದು ಐತಿ: ಕೂಸು ಅಲ್ಲಾಡಬಹುದು. "ನಕ್ಕೋ, ನಿಲ್ಲು, ಇಲ್ಲಿ ನೋಡು" ಅಂತ ಬಡಕೊಳ್ಳೋದು ಬಿಟ್ಟು ಕೈಗೆ ಬೆಣ್ಣಿ ಕೊಟ್ಟು ಸುಮ್ಮನಿರ್ರಿ. ಕೊಳಲು ಕಚ್ಚತೈತಿ, ನವಿಲುಗರಿ ಕಿತ್ತು ನೋಡತೈತಿ. ಆವಾಗ ತೆಗೀರಿ. ಕಾಡಿಗಿ ಹಚ್ಚೋವಾಗ, ಕಚ್ಚೆ ಕಟ್ಟೋವಾಗ ಇನ್ನೊಬ್ಬರ ಕೈಗೆ ಮೊಬೈಲ್ ಕೊಟ್ಟು ನೀವೂ ಅದರಾಗ ಬರ್ರಿ. ಮುಸುಕಿನೊಳಗ ಕುಂತ ಆ ತಾಯಂದಿರಂಗ ನಾವು ಮರಿಯಾಗೋ ಕಾಲ ಅಲ್ಲ ಇದು. ಮತ್ತ ಮರುದಿನ ವೇಷ ಇಲ್ಲದ ಮುಖದ್ದೂ ಒಂದು ತೆಗೀರಿ.

ಇನ್ನೂರರಾಗ ಎರಡು ಆರಿಸಿ ಬಳ್ಳಾರಿಗೋ ಕುರುಗೋಡಿಗೋ ಹೋದಾಗ ಕಾಗದದ ಮ್ಯಾಲೆ ಹಾಕಿಸ್ರಿ. ಮೊಬೈಲ್ ಕೆಟ್ರ ಅವೂ ಹೋಗತಾವು, ಕಾಗದ ಉಳೀತೈತಿ. ಹಿಂದ ಪೆನ್ಸಿಲ್‌ನಿಂದ ಕೂಸಿನ ಹೆಸರು, ವಯಸ್ಸು, ತಾರೀಖು, ಜಡಿ ಹೆಣದಾಕಿ ಹೆಸರು ನಾಕು ಅಕ್ಷರ ಬರೀರಿ.