ಒಳತುಟಿಯ ‘ಅತಿವೃದ್ಧಿ’: 4 ಸೆಂ.ಮೀ. ಗೆರೆಯ ಮರುಪರಿಶೀಲನೆ

ವಯಸ್ಕ ಸ್ತ್ರೀಯರ ಹೊರ ಜನನಾಂಗದ ರೂಪ ಒಬ್ಬೊಬ್ಬರಲ್ಲಿ ಒಂದೊಂದು ಬಗೆ ಎಂಬುದರಲ್ಲಿ ಈಗ ತಕರಾರಿಲ್ಲ. ಒಳತುಟಿಗಳು ಹೊರತುಟಿಗಳನ್ನು ದಾಟಿ ಚಾಚಿಕೊಂಡಿರುವುದು, ಎಡಬಲ ಸಮವಾಗಿಲ್ಲದಿರುವುದು, ಅಂಚು ನಿರಿಗೆಗಟ್ಟಿ ಕಪ್ಪಾಗಿರುವುದು ಎಲ್ಲವೂ ಸಹಜವೇ. ತಕರಾರಿರುವುದು ಗಡಿಯ ಬಗ್ಗೆ. ಬುಡದಿಂದ ಅಂಚಿನವರೆಗಿನ ಅಗಲ ಎಷ್ಟಾದರೆ ಅದನ್ನು ‘ಅತಿವೃದ್ಧಿ’ ಎನ್ನಬೇಕು? ಫ್ರೀಡ್ರಿಕ್ 1983ರಲ್ಲಿ 5 ಸೆಂ.ಮೀ. ಎಂದರು. ರೂಝಿಯೆ ಮತ್ತು ಸಂಗಡಿಗರು 2000ರಲ್ಲಿ ಅದನ್ನು 4ಕ್ಕೆ ಇಳಿಸಿದರು. ಅವರದು ತುಟಿ ಕಿರಿದಾಗಿಸುವ 163 ಶಸ್ತ್ರಚಿಕಿತ್ಸೆಗಳ ಅನುಭವದ ವರದಿ. ದೂರಿಲ್ಲದ ಹೆಂಗಸರ ಅಳತೆ ಅದರಲ್ಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಲಂಡನ್ನಿನಲ್ಲಿ ಲಾಯ್ಡ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನ. ಬೇರೆ ಕಾರಣಕ್ಕೆ ಅರಿವಳಿಕೆ ಪಡೆದಿದ್ದ, ಇನ್ನೂ ಮುಟ್ಟು ನಿಲ್ಲದ 50 ಮಹಿಳೆಯರಲ್ಲಿ ಒಳತುಟಿಯ ಅಗಲ 7ರಿಂದ 50 ಮಿ.ಮೀ., ಉದ್ದ 20ರಿಂದ 100 ಮಿ.ಮೀ. ಇತ್ತು. ದೂರಿಲ್ಲದವರಲ್ಲೇ 50 ಮಿ.ಮೀ. ಸಿಕ್ಕಮೇಲೆ ರೂಝಿಯೆ ಗೆರೆ ತಾನಾಗಿ ಬಿದ್ದುಹೋಯಿತು ಎನ್ನುವವರಿದ್ದಾರೆ. ಅಷ್ಟು ಸಲೀಸಲ್ಲ. ಅಗಲದ ಸರಾಸರಿ 21.8, ಮಾನಕ ವಿಚಲನೆ 9.4, ಸರಾಸರಿಗೆ ವಿಚಲನೆಯ ಎರಡರಷ್ಟು ಕೂಡಿಸಿದರೆ 40.6. ಅಂದರೆ 4 ಸೆಂ.ಮೀ. ಗೆರೆಯ ಪಕ್ಷದವರು ಇದೇ ಅಂಕಿಗಳಿಂದ ತಮ್ಮ ಗೆರೆಗೆ ಆಧಾರ ಹುಡುಕಬಹುದು.

ಆದರೆ ಆ ಲೆಕ್ಕ ಹಂಚಿಕೆ ಎರಡೂ ಕಡೆಗೆ ಸಮವಾಗಿದ್ದರೆ ಮಾತ್ರ ಸಲ್ಲುತ್ತದೆ. ಇಲ್ಲಿ ಕನಿಷ್ಠ ಅಳತೆ ಸರಾಸರಿಗಿಂತ ಸುಮಾರು ಒಂದೂವರೆ ವಿಚಲನೆ ಕೆಳಗಿದ್ದರೆ, ಗರಿಷ್ಠ ಅಳತೆ ಸರಿಯಾಗಿ ಮೂರು ವಿಚಲನೆ ಮೇಲಿದೆ. ಹಂಚಿಕೆ ದೊಡ್ಡ ಅಳತೆಗಳ ಕಡೆಗೆ ವಾಲಿರುವಂತಿದೆ. ಹಾಗಿದ್ದರೆ 40 ಮಿ.ಮೀ. ಎಂಬುದು ದೇಹರಚನೆ ಹಾಕಿದ ಗಡಿಯಲ್ಲ, ಸೂತ್ರ ಹಾಕಿದ ಗಡಿ. ಎರಡು ತುದಿಗಳನ್ನು ಮಾತ್ರ ನೋಡಿ ಇಷ್ಟು ಹೇಳುವುದು ಸ್ವಲ್ಪ ಧೈರ್ಯದ ಮಾತೇ: 50 ಜನರಲ್ಲಿ ಒಬ್ಬರ ಅಳತೆಯೇ ಈ ವಾಲನ್ನು ಉಂಟುಮಾಡಿರಬಹುದು, ಚರ್ಮವನ್ನು ಎಳೆದು ಹಿಡಿಯುವ ಬಲದಿಂದಲೂ ಕೆಲವು ಮಿ.ಮೀ. ಏರುಪೇರಾದೀತು. ಇನ್ನು ವಿರಳವಾದದ್ದೆಲ್ಲ ರೋಗವಲ್ಲ ಎಂಬುದನ್ನು ವೈದ್ಯರಿಗೆ ಹೊಸದಾಗಿ ಹೇಳಬೇಕಿಲ್ಲ, ಆದರೂ ಗೆರೆ ಹಾಕುವಾಗ ಅದು ಮರೆತುಹೋಗುತ್ತದೆ.

ವಯಸ್ಸಿನ ವಿಷಯದಲ್ಲಿ ಮಾತ್ರ ಲಂಡನ್ ಅಧ್ಯಯನವನ್ನು ಒಪ್ಪಲಾರೆ. ಅಳತೆಗೂ ವಯಸ್ಸಿಗೂ ನಂಟು ಕಾಣಲಿಲ್ಲ ಎಂದಿತು ಅದು. 2018ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್‌ನಿಂದ ಬಂದ, 15ರಿಂದ 84 ವಯಸ್ಸಿನ 657 ಮಂದಿಯ ಅಧ್ಯಯನಕ್ಕೆ ಆ ನಂಟು ಸಿಕ್ಕಿತು. ಅಲ್ಲಿ ಒಳತುಟಿಯ ಸರಾಸರಿ ಉದ್ದ ಸುಮಾರು 43 ಮಿ.ಮೀ.; ಲಂಡನ್ನಿನಲ್ಲಿ 60.6. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ತಗ್ಗಿ ತುಟಿಗಳು ಕುಗ್ಗುವುದು ಈ ಅಂತರದ ಒಂದು ಪಾಲನ್ನು ವಿವರಿಸುತ್ತದೆ, ಪೂರ್ತಿಯನ್ನಲ್ಲ.

ಕ್ರೌಚ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಶಸ್ತ್ರಚಿಕಿತ್ಸೆ ಬಯಸಿ ಬಂದ 33 ಮಂದಿಯನ್ನು ಅಳೆದಾಗ ಎಲ್ಲರೂ ಪ್ರಕಟಿತ ವ್ಯಾಪ್ತಿಯೊಳಗೇ ಇದ್ದರು. ಇದನ್ನು ಓದಿ 50 ಮಿ.ಮೀ. ಅನ್ನೇ ಹೊಸ ಗೆರೆ ಮಾಡಿದರೆ ಹಳೆಯ ತಪ್ಪೇ ಮರುಕಳಿಸುತ್ತದೆ. ಲುಸರ್ನ್ ಅಧ್ಯಯನದಲ್ಲಿದ್ದವರೆಲ್ಲ ಬಿಳಿಯ ಮಹಿಳೆಯರು. ಆ ಅಂಕಿಗಳು ಇತರರಿಗೆ ಎಷ್ಟು ಹೊಂದುತ್ತವೆ ಎಂಬುದು, ಲಂಡನ್-ಲುಸರ್ನ್ ನಡುವಿನ ಅಂತರದಲ್ಲಿ ಅಳೆಯುವ ವಿಧಾನದ ಪಾಲೆಷ್ಟು ಎಂಬುದು ಇನ್ನೂ ತೀರ್ಮಾನವಾಗಬೇಕು.