ಕೈಗೆಟುಕದ ಕಂಪ್ಯೂಟರ್‌ಗೆ ರಿಪೇರಿ: 35 ವರ್ಷ ದಾಟಿದ ಹಬಲ್ ಟೆಲಿಸ್ಕೋಪ್ ಇನ್ನೂ ಕೆಲಸ ಮಾಡುತ್ತಿರುವುದು ಹೇಗೆ?

ಮಹಾರಾಷ್ಟ್ರದ ನಾಗ್ಪುರ ಜಿಲ್ಲೆಯಲ್ಲಿರುವ ಉಮರೇಡ್ ಕಲ್ಲಿದ್ದಲು ಗಣಿಗೆ ಹೆಸರಾದ ಊರು. ಅಲ್ಲಿ ಕೆಲವು ದಿನ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಅಥವಾ ಬೆಳಗಿನ ಜಾವ ಆಕಾಶ ನೋಡಿದರೆ ಚುಕ್ಕಿಯೊಂದು ಮಿನುಗದೆ, ಸದ್ದಿಲ್ಲದೆ ಪಶ್ಚಿಮದಿಂದ ಪೂರ್ವಕ್ಕೆ ಸರಿದು ಹೋಗುವುದು ಕಾಣುತ್ತದೆ. ವಿಮಾನವಾದರೆ ಕೆಂಪು ದೀಪ ಮಿಟುಕಿಸುತ್ತದೆ, ಇದಕ್ಕೆ ಆ ದೀಪವಿಲ್ಲ. ಹಾಗೆ ಹಾದುಹೋಗುವ ಹಲವು ಉಪಗ್ರಹಗಳಲ್ಲಿ ಒಂದು ಹಬಲ್ ಬಾಹ್ಯಾಕಾಶ ದೂರದರ್ಶಕ.

ಹೌದು, ಹಬಲ್ ನೋಡಲು ದುರ್ಬೀನು ಬೇಕಿಲ್ಲ. ಅದು ಸಮಭಾಜಕ ವೃತ್ತಕ್ಕೆ 28.5 ಡಿಗ್ರಿ ಓರೆಯಾದ ಕಕ್ಷೆಯಲ್ಲಿ, ಭೂಮಿಯಿಂದ ಸುಮಾರು 500 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿದೆ. ಒಂದು ಸುತ್ತಿಗೆ ಸುಮಾರು 95 ನಿಮಿಷ ಸಾಕು. ಉಮರೇಡ್ ಇರುವುದು 21 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಹಾಗಾಗಿ ಅಲ್ಲಿಯೂ, ನಮ್ಮ ಬೀದರ್‌ನಿಂದ ಚಾಮರಾಜನಗರದವರೆಗೂ ಹಬಲ್ ನೆತ್ತಿಯ ಮೇಲೆಯೇ ಹಾದುಹೋಗಬಲ್ಲದು. ದೆಹಲಿ ದಾಟಿ ಉತ್ತರಕ್ಕೆ ಹೋದವರಿಗೆ ಆ ಅದೃಷ್ಟವಿಲ್ಲ.

ಕಣ್ಣಿಗೆ ಕಂಡರೂ ಅದನ್ನು ಮುಟ್ಟುವವರು ಇವತ್ತು ಯಾರೂ ಇಲ್ಲ. 2009ರ ಮೇ ತಿಂಗಳಲ್ಲಿ ಗಗನಯಾತ್ರಿಗಳು ಕೊನೆಯ ಬಾರಿ ಅಲ್ಲಿಗೆ ಹೋಗಿಬಂದರು. ಅವರನ್ನು ಕರೆದೊಯ್ಯುತ್ತಿದ್ದ ಸ್ಪೇಸ್ ಶಟಲ್ ನೌಕೆಗಳು 2011ರಲ್ಲಿ ನಿವೃತ್ತಿಯಾದವು. ಆದರೆ ಒಳಗಿರುವ ಕಂಪ್ಯೂಟರ್‌ಗಳಿಗೆ ವಯಸ್ಸಾಗುತ್ತಲೇ ಇದೆ. ಹಾಗಾದರೆ ಅವು ಕೆಟ್ಟಾಗ ಸರಿಪಡಿಸುವುದು ಹೇಗೆ?

ಒಂದಲ್ಲ, ಎರಡು ಕಂಪ್ಯೂಟರ್

ಹಬಲ್ ಕಕ್ಷೆಗೆ ಏರಿದ್ದು 1990ರ ಏಪ್ರಿಲ್‌ನಲ್ಲಿ, ಡಿಸ್ಕವರಿ ನೌಕೆಯಲ್ಲಿ. ಅದರೊಳಗೆ ಎರಡು ಬಗೆಯ ಕಂಪ್ಯೂಟರ್‌ಗಳಿವೆ. ಮೊದಲನೆಯದು ಮುಖ್ಯ ಕಂಪ್ಯೂಟರ್. ದೂರದರ್ಶಕ ಯಾವ ಕಡೆ ತಿರುಗಬೇಕು, ಸೌರಫಲಕಗಳು ಹೇಗಿರಬೇಕು, ಅಪಾಯ ಬಂದರೆ ಏನು ಮಾಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಅದು. ಎರಡನೆಯದು ಪೇಲೋಡ್ ಕಂಪ್ಯೂಟರ್. ಕ್ಯಾಮೆರಾ ಮತ್ತು ರೋಹಿತಮಾಪಕಗಳ ಮೇಲ್ವಿಚಾರಣೆ ಇದರ ಕೆಲಸ. ಇದು ನಿಂತರೆ ಹಬಲ್ ಸುತ್ತುತ್ತಲೇ ಇರುತ್ತದೆ, ಆದರೆ ಚಿತ್ರ ಬರುವುದಿಲ್ಲ.

ಮುಖ್ಯ ಕಂಪ್ಯೂಟರ್ ಆಗಿ ಮೊದಲು ಇದ್ದದ್ದು ಡಿಎಫ್-224. ವಿನ್ಯಾಸ 1970ರ ದಶಕದ್ದು. ಹಬಲ್ ಹಾರುವ ಹೊತ್ತಿಗೇ ಅದು ಹಳೆಯದಾಗಿತ್ತು ಎನ್ನಬಹುದು. 1993ರಲ್ಲಿ ಮೊದಲ ಬಾರಿ ದುರಸ್ತಿಗೆ ಹೋದ ಗಗನಯಾತ್ರಿಗಳು ಅದಕ್ಕೆ ಇಂಟೆಲ್ 386 ಆಧಾರಿತ ಸಹಾಯಕ ಪ್ರೊಸೆಸರ್ ಜೋಡಿಸಿ ಬಂದರು. 1999ರ ಡಿಸೆಂಬರ್‌ನಲ್ಲಿ ಇಡೀ ಕಂಪ್ಯೂಟರನ್ನೇ ಬದಲಿಸಲಾಯಿತು. ಆಗ ಹಬಲ್ ಕೆಲಸವನ್ನೇ ನಿಲ್ಲಿಸಿತ್ತು. ದಿಕ್ಕು ಗ್ರಹಿಸುವ ಆರು ಗೈರೋಸ್ಕೋಪ್‌ಗಳಲ್ಲಿ ನಾಲ್ಕನೆಯದು ನವೆಂಬರ್ 13ರಂದು ಕೈಕೊಟ್ಟಿದ್ದರಿಂದ ಅದು ಸೇಫ್ ಮೋಡ್‌ಗೆ ಜಾರಿತ್ತು. ಡಿಸ್ಕವರಿಯಲ್ಲಿ ಹೋದ ತಂಡ ಗೈರೋಗಳನ್ನು ಬದಲಿಸಿತು. ಮೈಕೆಲ್ ಫೋಲ್ ಮತ್ತು ಕ್ಲಾಡ್ ನಿಕೋಲಿಯೆ ನೌಕೆಯ ಹೊರಗೆ ತೇಲುತ್ತಲೇ ಹಳೆಯ ಕಂಪ್ಯೂಟರ್ ಬಿಚ್ಚಿ ಹೊಸದನ್ನು ಕೂರಿಸಿದರು.

ಆ ಹೊಸ ಕಂಪ್ಯೂಟರ್ ಯಾವುದು ಗೊತ್ತೇ? 25 ಮೆಗಾಹರ್ಟ್ಸ್ ವೇಗದ ಇಂಟೆಲ್ 486! ಆ ಹೊತ್ತಿಗೆ ಭೂಮಿಯ ಮೇಲಿನ ಅಂಗಡಿಗಳಲ್ಲಿ ಪೆಂಟಿಯಂ 3 ಮಾರಾಟಕ್ಕಿತ್ತು. ಆದರೂ ಹಳೆಯ ಡಿಎಫ್-224ಕ್ಕಿಂತ ಇದು 20 ಪಟ್ಟು ವೇಗದ್ದು, ಆರು ಪಟ್ಟು ಹೆಚ್ಚು ಮೆಮೊರಿಯದ್ದು. ಬಾಹ್ಯಾಕಾಶಕ್ಕೆ ಹಳೆಯ ಚಿಪ್ ಆರಿಸುವುದು ಜಿಪುಣತನವಲ್ಲ. ಅಲ್ಲಿ ವಿಕಿರಣದ ಕಣಗಳು ಚಿಪ್‌ಗೆ ಬಡಿದು ಮೆಮೊರಿಯಲ್ಲಿರುವ ಸೊನ್ನೆಯನ್ನು ಒಂದಾಗಿಸುತ್ತವೆ, ಒಂದನ್ನು ಸೊನ್ನೆಯಾಗಿಸುತ್ತವೆ. ದಕ್ಷಿಣ ಅಟ್ಲಾಂಟಿಕ್ ಮೇಲಿನ ಒಂದು ಪ್ರದೇಶದಲ್ಲಿ ಈ ಕಾಟ ಹೆಚ್ಚು. ದಿನಕ್ಕೆ ಹಲವು ಬಾರಿ ಹಬಲ್ ಅದನ್ನು ದಾಟಲೇಬೇಕು. ಹಾಗಾಗಿ ವೇಗಕ್ಕಿಂತ, ವರ್ಷಗಟ್ಟಲೆ ಪರೀಕ್ಷೆಗೊಳಗಾಗಿ ಪಾಸಾದ ಚಿಪ್‌ಗೇ ಬೆಲೆ.

ಹೊರಡಲು ಎರಡು ವಾರ ಇರುವಾಗ ಬಂದ ಕಂಟಕ

ಪೇಲೋಡ್ ಕಂಪ್ಯೂಟರ್‌ನ ಕಥೆ ಇನ್ನೂ ರೋಚಕ. ಕೊನೆಯ ದುರಸ್ತಿ ಯಾತ್ರೆ 2008ರ ಅಕ್ಟೋಬರ್ 14ಕ್ಕೆ ನಿಗದಿಯಾಗಿತ್ತು. ಸೆಪ್ಟೆಂಬರ್ 27ರಂದು ದತ್ತಾಂಶವನ್ನು ಜೋಡಿಸಿ ಭೂಮಿಗೆ ಕಳಿಸುವ ಘಟಕದ 'ಎ' ಭಾಗ ಕೆಟ್ಟುಹೋಯಿತು. ಬದಲಿಗೆ 'ಬಿ' ಭಾಗವಿತ್ತು. ಆದರೆ ಉಡಾವಣೆಗೆ ಮುಂಚೆ ಭೂಮಿಯ ಮೇಲೆ ಪರೀಕ್ಷಿಸಿದ ಬಳಿಕ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ. ಸುಮಾರು 18 ವರ್ಷ ಮಲಗಿದ್ದ ಯಂತ್ರವನ್ನು ಎಬ್ಬಿಸಬೇಕಿತ್ತು. ಅದು ಎದ್ದಿತು, ಅಕ್ಟೋಬರ್ ಕೊನೆಗೆ ಚಿತ್ರಗಳೂ ಬಂದವು.

ಆದರೆ ಅಲ್ಲಿಗೆ ನಿಲ್ಲುವಂತಿರಲಿಲ್ಲ. 'ಬಿ'ಯೂ ಹೋದರೆ ಎಲ್ಲ ಮುಗಿದಂತೆ. ನಾಸಾ ಯಾತ್ರೆಯನ್ನೇ ಮುಂದೂಡಿ, ಭೂಮಿಯಲ್ಲಿದ್ದ ಬದಲಿ ಘಟಕವನ್ನು ಪರೀಕ್ಷಿಸಿ ಸಿದ್ಧಪಡಿಸಿತು. 2009ರ ಮೇ 14ರಂದು ಜಾನ್ ಗ್ರುನ್ಸ್‌ಫೆಲ್ಡ್ ಮತ್ತು ಆಂಡ್ರ್ಯೂ ಫ್ಯೂಸ್ಟೆಲ್ ಅದನ್ನು ಅಳವಡಿಸಿದರು. ಕೆಡುವುದಿದ್ದರೆ ಕೆಡಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ ಅನ್ನಿ. ಯಾತ್ರೆ ಮುಗಿದ ಮೇಲೆ ಕೆಟ್ಟಿದ್ದರೆ ಹೊಸ ಘಟಕ ಒಯ್ಯುವವರೇ ಇರುತ್ತಿರಲಿಲ್ಲ.

ಅದೇ ಯಾತ್ರೆಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ವಿದ್ಯುತ್ ಪೂರೈಕೆ ಕೆಟ್ಟು 2004ರಿಂದ ಸುಮ್ಮನಿದ್ದ ರೋಹಿತಮಾಪಕವೊಂದರ ಒಳಗಿನ ಸರ್ಕ್ಯೂಟ್ ಕಾರ್ಡ್ ಬದಲಿಸಬೇಕಿತ್ತು. ಆಕಾಶದಲ್ಲಿ ಬಿಚ್ಚುವುದಕ್ಕೆಂದು ಮಾಡಿದ ಉಪಕರಣವೇ ಅದಲ್ಲ. ಮುಚ್ಚಳ ತೆಗೆಯಲು ನೂರಕ್ಕೂ ಹೆಚ್ಚು ಸಣ್ಣ ಸ್ಕ್ರೂ ಬಿಚ್ಚಬೇಕು, ಒಂದೂ ತೇಲಿಹೋಗಬಾರದು. ಅದಕ್ಕೆಂದೇ ವಿಶೇಷ ಸಲಕರಣೆ ತಯಾರಾಗಿತ್ತು. ಆದರೆ ಸ್ಕ್ರೂಗಳ ತನಕ ಹೋಗುವ ಮೊದಲೇ ಅಡ್ಡವಿದ್ದ ಹಿಡಿಕೆಯೊಂದರ ಬೋಲ್ಟ್ ತಿರುಗದೆ ಸವೆದುಹೋಯಿತು. ಕೊನೆಗೆ ಮೈಕ್ ಮಾಸಿಮಿನೊ ಹಿಡಿಕೆಯನ್ನು ಬಲವಾಗಿ ಜಗ್ಗಿ ಮುರಿದೇ ತೆಗೆದರು. ಕೋಟಿಗಟ್ಟಲೆ ಡಾಲರ್‌ಗಳ ಯೋಜನೆಯನ್ನು ಉಳಿಸಿದ್ದು ತೋಳ್ಬಲ!

2021: ಒಂದು ತಿಂಗಳ ಪತ್ತೇದಾರಿ

2021ರ ಜೂನ್ 13ರಂದು ಪೇಲೋಡ್ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತಿತು. ಈ ಬಾರಿ ಹೋಗಿ ನೋಡಲು ನೌಕೆಯಿಲ್ಲ. ಮೇರಿಲ್ಯಾಂಡ್‌ನ ಗಾಡರ್ಡ್ ಕೇಂದ್ರದಲ್ಲಿ ಕುಳಿತು ಕಮಾಂಡ್ ಕಳಿಸುವುದೊಂದೇ ದಾರಿ. ಮರುದಿನ ರೀಸ್ಟಾರ್ಟ್ ಮಾಡಿದರು, ಏಳಲಿಲ್ಲ. ಮೆಮೊರಿ ಮೇಲೆ ಅನುಮಾನ ಬಂತು. ಒಟ್ಟು ನಾಲ್ಕು ಮೆಮೊರಿ ಘಟಕಗಳಿದ್ದು, ಒಂದು ಬಳಕೆಯಲ್ಲಿ, ಮೂರು ಕಾಯ್ದಿರಿಸಿದವು. ಬೇರೆಯದಕ್ಕೆ ಬದಲಿಸಿದರೂ ಫಲವಿಲ್ಲ. 2009ರಲ್ಲಿ ಅಳವಡಿಸಿದ ಮೇಲೆ ಒಮ್ಮೆಯೂ ಚಾಲೂ ಮಾಡದ ಬದಲಿ ಕಂಪ್ಯೂಟರನ್ನೇ ಚಾಲೂ ಮಾಡಿದರು. ಅದರಲ್ಲೂ ಅದೇ ದೋಷ!

ಮನೆಯಲ್ಲಿ ಒಂದು ಬಲ್ಬ್ ತೆಗೆದು ಇನ್ನೊಂದು ಹಾಕಿದರೂ ಉರಿಯದಿದ್ದರೆ ನಾವು ಲೈನ್ ನೋಡುತ್ತೇವಲ್ಲ, ಎಂಜಿನಿಯರ್‌ಗಳು ಮಾಡಿದ್ದೂ ಅದನ್ನೇ. ಎರಡು ಕಂಪ್ಯೂಟರ್‌ಗಳೂ ಒಂದೇ ಬಾರಿಗೆ ಕೆಡುವ ಸಾಧ್ಯತೆ ಕಡಿಮೆ. ಎರಡಕ್ಕೂ ಸಂಪರ್ಕವಿರುವ ಬೇರೇನೋ ಕೆಟ್ಟಿರಬೇಕು. ಕೊನೆಗೆ ಬೆರಳು ತೋರಿಸಿದ್ದು ವಿದ್ಯುತ್ ನಿಯಂತ್ರಣ ಘಟಕದ ಕಡೆಗೆ. ಕಂಪ್ಯೂಟರ್‌ಗೆ ಸದಾ 5 ವೋಲ್ಟ್ ಏರಿಳಿತವಿಲ್ಲದೆ ಕೊಡುವುದು ಅದರ ಕೆಲಸ. ವೋಲ್ಟೇಜ್ ಮಿತಿ ತಪ್ಪಿದರೆ ಕಂಪ್ಯೂಟರನ್ನು ನಿಲ್ಲಿಸುವ ರಕ್ಷಣಾ ಸರ್ಕ್ಯೂಟ್ ಕೂಡ ಅಲ್ಲಿದೆ. ವೋಲ್ಟೇಜೇ ತಪ್ಪಿತ್ತೋ, ಇಲ್ಲವೇ ವಯಸ್ಸಾದ ಕಾವಲುಗಾರ ಸುಮ್ಮನೆ ಕೂಗುತ್ತಿದ್ದನೋ, ಎರಡಕ್ಕೂ ಅವಕಾಶವಿತ್ತು. ರೀಸೆಟ್ ಮಾಡಿದರೂ ಅದು ಸರಿಹೋಗಲಿಲ್ಲ. ಉಳಿದದ್ದು ಬದಲಿ ಘಟಕಕ್ಕೆ ಹೊರಳುವುದು.

ಕೇಳಲು ಒಂದು ಸ್ವಿಚ್ ಒತ್ತಿದಷ್ಟು ಸುಲಭ. ಆದರೆ ಆ ಘಟಕ ಬದಲಿಸಬೇಕೆಂದರೆ ಅದಕ್ಕೆ ಹೊಂದಿಕೊಂಡ ಹಲವು ಪೆಟ್ಟಿಗೆಗಳನ್ನೂ ಬದಲಿ ಭಾಗಕ್ಕೆ ತಿರುಗಿಸಬೇಕು. ಕ್ರಮ ತಪ್ಪಿದರೆ ಇಡೀ ದೂರದರ್ಶಕಕ್ಕೆ ಅಪಾಯ. ಎನ್‌ಜಿಂಗಾ ಟಲ್ ಅವರ ನೇತೃತ್ವದ ತಂಡ ಪ್ರತಿ ಹೆಜ್ಜೆಯನ್ನೂ ಮೊದಲು ಭೂಮಿಯಲ್ಲಿರುವ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿತು. ವಿನ್ಯಾಸದ ಕಾಗದಪತ್ರಗಳು ಮೂವತ್ತು ನಲವತ್ತು ವರ್ಷ ಹಳೆಯವು. ಅವುಗಳನ್ನು ಹುಡುಕಿ ಓದಿದ್ದಲ್ಲದೆ, ಹಬಲ್ ಕೆಲಸ ಮಾಡಿ ನಿವೃತ್ತರಾದವರನ್ನೂ, ಬೇರೆಡೆ ಹೋದವರನ್ನೂ ಮತ್ತೆ ಕರೆಸಿಕೊಳ್ಳಲಾಯಿತು. ಬಿಡಿಭಾಗ ಗೋದಾಮಿನಲ್ಲಿ ಸಿಗಬಹುದು, ಆ ಪೆಟ್ಟಿಗೆ ಹೀಗೇ ಏಕೆ ಇದೆ ಎಂಬ ನೆನಪು ಮಾತ್ರ ಮನುಷ್ಯರ ತಲೆಯಲ್ಲೇ ಇರುವುದು. ಜುಲೈ 15ರಂದು ಬದಲಾವಣೆ ಆರಂಭವಾಯಿತು, 17ಕ್ಕೆ ಹಬಲ್ ಮತ್ತೆ ಆಕಾಶ ನೋಡತೊಡಗಿತು.

ಆ ಸಂಭ್ರಮಕ್ಕೂ ಒಂದು ಬೆಲೆಯಿದೆ. ಆ ವಿದ್ಯುತ್ ಘಟಕಕ್ಕೆ ಇನ್ನು ಬದಲಿ ಇಲ್ಲ. ಹೀಗೆ ದೂರದಿಂದ ಮಾಡುವ ದುರಸ್ತಿಯಲ್ಲಿ ಕೆಟ್ಟದ್ದು ಸರಿಯಾಗುವುದು ಅಪರೂಪ. ಹೆಚ್ಚಾಗಿ ಉಳಿತಾಯದ ಖಾತೆಯಿಂದ ಒಂದನ್ನು ತೆಗೆದು ಖರ್ಚು ಮಾಡಿದಂತೆ, ಆ ಖಾತೆಗೆ ಮತ್ತೆ ಜಮಾ ಆಗುವುದಿಲ್ಲ.

ಆದ್ದರಿಂದಲೇ ಸಾಫ್ಟ್‌ವೇರ್‌ನಲ್ಲಿ ಪರಿಹಾರ ಸಿಕ್ಕರೆ ಎಂಜಿನಿಯರ್‌ಗಳಿಗೆ ಹೆಚ್ಚು ಖುಷಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಉಪಕರಣಗಳಿಗೆ ಸಮಯ ಹೊಂದಿಸಿ ಕೊಡುವ ಸಂದೇಶಗಳು ಆಗಾಗ ತಪ್ಪತೊಡಗಿದವು. ಉಪಕರಣಗಳು ಗಾಬರಿಯಾಗಿ ಸೇಫ್ ಮೋಡ್‌ಗೆ ಹೋದವು. ಆಗ ಬದಲಿ ಯಂತ್ರಾಂಶ ಮುಟ್ಟಲಿಲ್ಲ. ಕೆಲವು ಸಂದೇಶ ತಪ್ಪಿದರೂ ಕೆಲಸ ಮುಂದುವರಿಸುವಂತೆ ಉಪಕರಣಗಳ ಸಾಫ್ಟ್‌ವೇರ್ ತಿದ್ದುವ ಕೆಲಸಕ್ಕೆ ಕೈಹಾಕಿದರು. ಡಿಸೆಂಬರ್ ಮೊದಲ ವಾರದೊಳಗೆ ಎಲ್ಲವೂ ಚಾಲನೆಗೆ ಬಂದವು.

ನಮ್ಮ ಅಸ್ಟ್ರೋಸ್ಯಾಟ್ ಸ್ಥಿತಿ ಏನು?

ಭಾರತದ ಬಾಹ್ಯಾಕಾಶ ದೂರದರ್ಶಕ ಅಸ್ಟ್ರೋಸ್ಯಾಟ್‌ಗೆ ಗಗನಯಾತ್ರಿಗಳ ಭಾಗ್ಯ ಮೊದಲಿನಿಂದಲೂ ಇಲ್ಲ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ30 ರಾಕೆಟ್ ಅದನ್ನು 650 ಕಿ.ಮೀ. ಎತ್ತರಕ್ಕೆ ಒಯ್ದಿತು. ನಿರೀಕ್ಷಿತ ಆಯಸ್ಸು 5 ವರ್ಷ, ಆದರೆ ಹತ್ತು ವರ್ಷ ಪೂರೈಸಿದೆ. ಕಮಾಂಡ್‌ಗಳು ಹೋಗುವುದು ಬೆಂಗಳೂರಿನ ಇಸ್ರೋ ನಿಯಂತ್ರಣ ಕೇಂದ್ರದಿಂದ. ದತ್ತಾಂಶ ಸೇರುವುದು ನಗರದ ಹೊರವಲಯದ ಬ್ಯಾಲಾಳುವಿಗೆ. ಕಕ್ಷೆಯ ಓರೆ ಕೇವಲ 6 ಡಿಗ್ರಿ ಇರುವುದರಿಂದ ದಕ್ಷಿಣ ಅಟ್ಲಾಂಟಿಕ್‌ನ ವಿಕಿರಣ ಪ್ರದೇಶದ ಅಂಚನ್ನಷ್ಟೇ ಅದು ಹಾಯುತ್ತದೆ. ಬೆಂಗಳೂರಿನಿಂದ ಹೆಚ್ಚಿನ ಸುತ್ತುಗಳಲ್ಲಿ ಸಂಪರ್ಕವೂ ಸಿಗುತ್ತದೆ.

ಅಲ್ಲಿಯೂ ವಯಸ್ಸಿನ ಲಕ್ಷಣ ಕಾಣಿಸಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ನೇರಳಾತೀತ ದೂರದರ್ಶಕದ ಎರಡು ನೇರಳಾತೀತ ವಾಹಿನಿಗಳಲ್ಲಿ ಒಂದು 2018ರಲ್ಲಿ ನಿಂತುಹೋಯಿತು. ಮೂರು ಎಕ್ಸ್-ರೇ ಪತ್ತೆ ಘಟಕಗಳಲ್ಲಿ ಒಂದರಿಂದ ಅನಿಲ ಸೋರಿ, ಅದನ್ನು ಅದೇ ವರ್ಷ ಆಫ್ ಮಾಡಬೇಕಾಯಿತು. ಸೋರುವ ಅನಿಲಕ್ಕೆ ಭೂಮಿಯಿಂದ ಯಾವ ಕಮಾಂಡ್ ಕಳಿಸಿದರೂ ತೇಪೆ ಬೀಳುವುದಿಲ್ಲ. ಆದರೆ ನಿಲ್ಲದೆ ಉಳಿದ ನೇರಳಾತೀತ ವಾಹಿನಿಯ ಸಾಮರ್ಥ್ಯವೇನು ಎಂಬುದು 2020ರಲ್ಲಿ ಗೊತ್ತಾಯಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರ ತೀವ್ರ ನೇರಳಾತೀತ ಬೆಳಕನ್ನು ಅದು ಹಿಡಿದಿತ್ತು. ಆ ಅವಲೋಕನ ನಡೆದದ್ದು 2016ರಲ್ಲಿ, ಪುಣೆಯ ಐಯುಕಾ ವಿಜ್ಞಾನಿ ಕನಕ್ ಸಾಹಾ ನೇತೃತ್ವದ ತಂಡ ವಿಶ್ಲೇಷಿಸಿ ಪ್ರಕಟಿಸಿತು.

ಹಬಲ್‌ಗೆ ಇನ್ನೆಷ್ಟು ದಿನ?

2024ರ ಜೂನ್‌ನಿಂದ ಹಬಲ್ ಒಂದೇ ಗೈರೋ ನಂಬಿಕೊಂಡು ಕೆಲಸ ಮಾಡುತ್ತಿದೆ. ಸುಸ್ಥಿತಿಯಲ್ಲಿರುವ ಇನ್ನೊಂದನ್ನು ಆಪತ್ಕಾಲಕ್ಕೆಂದು ಎತ್ತಿಡಲಾಗಿದೆ. ಇದರಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿ ಗುರಿ ಹಿಡಿಯಲು ಹೆಚ್ಚು ಸಮಯ ಬೇಕು, ಮಂಗಳನಿಗಿಂತ ಹತ್ತಿರ ಬರುವ ವಸ್ತುಗಳ ಬೆನ್ನುಹತ್ತಲು ಆಗದು. ಕನಿಷ್ಠ ಒಂದು ಗೈರೋ 2035ರವರೆಗೆ ಉಳಿಯುವ ಸಾಧ್ಯತೆ ಶೇ. 70ಕ್ಕೂ ಹೆಚ್ಚು ಎಂದು ಆಗ ನಾಸಾ ಲೆಕ್ಕ ಹಾಕಿತ್ತು. ಇನ್ನೊಂದೆಡೆ ವಾತಾವರಣದ ತೆಳು ಘರ್ಷಣೆಯಿಂದ ಕಕ್ಷೆ ವರ್ಷ ವರ್ಷ ಕೆಳಗಿಳಿಯುತ್ತಿದೆ. ಖಾಸಗಿ ನೌಕೆ ಕಳಿಸಿ ಮೇಲಕ್ಕೆತ್ತುವ ಬಗ್ಗೆ 2022ರಲ್ಲಿ ಸ್ಪೇಸ್‌ಎಕ್ಸ್ ಜೊತೆ ಅಧ್ಯಯನ ನಡೆಯಿತು. ಸದ್ಯಕ್ಕೆ ಬೇಡ ಎಂದು 2024ರಲ್ಲಿ ನಾಸಾ ಹೇಳಿತು.

ಅದನ್ನು ಕಣ್ಣಾರೆ ನೋಡಬೇಕೆನ್ನುವವರು ಹೆವೆನ್ಸ್-ಅಬೌವ್ ಜಾಲತಾಣದಲ್ಲಿ ತಮ್ಮ ಊರಿನ ಹೆಸರು ಕೊಟ್ಟರೆ ಹಬಲ್ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ ಕಾಣುತ್ತದೆ ಎಂಬ ಪಟ್ಟಿ ಸಿಗುತ್ತದೆ. ಮೋಡವಿಲ್ಲದ ರಾತ್ರಿ, ಬೀದಿದೀಪಗಳಿಂದ ದೂರ ನಿಂತರೆ ಸಾಕು. ಕಾಣುವುದು ಕೆಲವೇ ನಿಮಿಷ, ಆಮೇಲೆ ಭೂಮಿಯ ನೆರಳು ಹೊಕ್ಕು ಮಾಯವಾಗುತ್ತದೆ.